ತಪ್ಪು ದೊಡ್ಡವರದು, ಶಿಕ್ಷೆ ಯಾರಿಗೆ? ಅಮೆರಿಕದ ಕಾಲೇಜು ತಂಡಗಳಿಗೆ ಕೊಡುವ ಶಿಕ್ಷೆಗಳ ಹೋಲಿಕೆ

2012ರ ಜುಲೈ 22, ಭಾನುವಾರ ಬೆಳಿಗ್ಗೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಸ್ಟೇಡಿಯಂ ಹೊರಗೆ ಕೆಲಸಗಾರರು ಬಂದರು. ಸುತ್ತ ತಂತಿ ಬೇಲಿ ನಿಲ್ಲಿಸಿದರು. ಬೇಲಿಗೆ ನೀಲಿ ಟಾರ್ಪಾಲ್ ಕಟ್ಟಿದರು. ಆ ಮರೆಯಲ್ಲಿದ್ದದ್ದು ಕೋಚ್ ಜೋ ಪಟರ್ನೋ ಅವರ ಕಂಚಿನ ಪ್ರತಿಮೆ. ಏಳಡಿ ಎತ್ತರ, 400 ಕಿಲೋಗಿಂತ ಜಾಸ್ತಿ ತೂಕ. ಒಂದು ಬೆರಳು ಮೇಲೆತ್ತಿ ಓಡಿ ಬರುತ್ತಿರುವ ಭಂಗಿ. ಅದನ್ನು ಫೋರ್ಕ್‌ಲಿಫ್ಟ್‌ನಲ್ಲಿ ಎತ್ತಿ ಸ್ಟೇಡಿಯಂ ಒಳಗೆ ಸಾಗಿಸಿಬಿಟ್ಟರು. ಪಟರ್ನೋ ತೀರಿಕೊಂಡು ಅವತ್ತಿಗೆ ಸರಿಯಾಗಿ ಆರು ತಿಂಗಳು.

ಮಾರನೇ ದಿನ, ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಇಡೀ ತಂಡಕ್ಕೆ ಶಿಕ್ಷೆ ಘೋಷಿಸಿತು. 6 ಕೋಟಿ ಡಾಲರ್ ದಂಡ. ಸೀಸನ್ ಕೊನೆಯ ದೊಡ್ಡ ಪಂದ್ಯಗಳಿಂದ (ಅವನ್ನು "ಬೌಲ್" ಪಂದ್ಯಗಳು ಅನ್ನುತ್ತಾರೆ) ನಾಲ್ಕು ವರ್ಷ ಹೊರಗೆ. ಸ್ಕಾಲರ್‌ಶಿಪ್‌ಗಳಲ್ಲಿ ದೊಡ್ಡ ಕಡಿತ. 1998ರಿಂದ 2011ರವರೆಗಿನ 112 ಗೆಲುವುಗಳು ದಾಖಲೆಯಿಂದ ಔಟ್.

ಪಟರ್ನೋ ಕೈಕೆಳಗೆ ವರ್ಷಗಟ್ಟಲೆ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ಗಂಡುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. ಅದೇ ಜೂನ್‌ನಲ್ಲಿ 45 ಆರೋಪಗಳು ಅವನ ಮೇಲೆ ಸಾಬೀತಾಗಿದ್ದವು. ಕಷ್ಟದಲ್ಲಿರುವ ಮಕ್ಕಳಿಗೆ ನೆರವಾಗಲು ಅಂತ 1977ರಲ್ಲಿ ತಾನೇ ಕಟ್ಟಿದ್ದ ಸಂಸ್ಥೆಯ ಮೂಲಕವೇ ಆ ಮಕ್ಕಳು ಅವನ ಕೈಗೆ ಸಿಕ್ಕಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ವಿಷಯ ಮೇಲಿನವರ ಕಿವಿಗೆ ಬಿದ್ದಿದ್ದರೂ ಪೊಲೀಸರ ತನಕ ಹೋಗಲಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಆ ಜುಲೈನಲ್ಲಿ ತಂಡದಲ್ಲಿದ್ದವರು 18ರಿಂದ 22 ವರ್ಷದ ಹುಡುಗರು. ಮುಚ್ಚಿಟ್ಟ ಮುಖ್ಯ ಘಟನೆ ನಡೆದದ್ದು 2001ರಲ್ಲಿ. ಆಗ ಇವರಿಗೆ ಏಳರಿಂದ ಹನ್ನೊಂದು ವರ್ಷ. ಆ ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗಿಂತಲೂ ಚಿಕ್ಕವರು ಇವರಲ್ಲಿ ಎಷ್ಟೋ ಜನ ಇದ್ದರು. ಇವರನ್ನು ಶಿಕ್ಷಿಸುವುದು ನ್ಯಾಯವಾ?

ಈ ಪ್ರಶ್ನೆಗೆ "ಹೌದು" ಅಥವಾ "ಇಲ್ಲ" ಅಂತ ಒಂದೇ ಮಾತಲ್ಲಿ ಉತ್ತರ ಕೊಡುವವರೇ ಜಾಸ್ತಿ. ನನಗೆ ಅದು ಸಾಲದು ಅನ್ನಿಸುತ್ತದೆ. ಯಾಕೆಂದರೆ "ತಂಡಕ್ಕೆ ಶಿಕ್ಷೆ" ಅನ್ನುವುದು ಒಂದೇ ವಸ್ತುವಲ್ಲ. ಅದರಲ್ಲಿ ಐದಾರು ಬಗೆ ಇವೆ. ಒಂದೊಂದು ಒಬ್ಬೊಬ್ಬರ ಮೈಮೇಲೆ ಬೀಳುತ್ತದೆ. ನಿಮ್ಮ ಮಗನೋ ಮಗಳೋ ಅಮೆರಿಕದ ಕಾಲೇಜಿನಲ್ಲಿ ಓದುತ್ತಿದ್ದರೆ, ಅಥವಾ ನೀವೇ ಅಂಥ ಕಾಲೇಜಿನ ಹಳೇ ವಿದ್ಯಾರ್ಥಿಯಾಗಿದ್ದರೆ, ಒಂದಲ್ಲ ಒಂದು ದಿನ ಈ ಚರ್ಚೆ ಮನೆ ಬಾಗಿಲಿಗೆ ಬರುತ್ತದೆ. ಶಿಕ್ಷೆ ಕೊಡುವ ಸಮಿತಿಯಲ್ಲಿ ನೀವೇ ಕೂತಿದ್ದೀರಿ ಅಂತ ಇಟ್ಟುಕೊಂಡು ಮುಂದೆ ಓದಿ.

ತಂಡವನ್ನೂ ಶಿಕ್ಷಿಸಬೇಕು ಅನ್ನುವವರ ಮಾತು

ಇದನ್ನು ಮೊದಲು ಸರಿಯಾಗಿ ಕೇಳಿಸಿಕೊಳ್ಳೋಣ. "ಪಾಪ, ಆಟಗಾರರದ್ದೇನು ತಪ್ಪು" ಅಂತ ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು.

ಪೆನ್ ಸ್ಟೇಟ್ ಬಗ್ಗೆ ಲೂಯಿ ಫ್ರೀ ಅವರ ತಂಡ ತನಿಖೆ ನಡೆಸಿ 2012ರ ಜುಲೈ 12ರಂದು ವರದಿ ಕೊಟ್ಟಿತು. ಫ್ರೀ ಹಿಂದೆ ಎಫ್‌ಬಿಐ ಮುಖ್ಯಸ್ಥರಾಗಿದ್ದವರು. ವರದಿಯಲ್ಲಿ ಒಂದು ಸಂಗತಿ ಇದೆ, ಅದನ್ನು ಓದಿದಾಗ ನನಗೆ ಮುಂದೆ ಓದಲು ಆಗಲಿಲ್ಲ. 2000ದ ಕೊನೆಯ ತಿಂಗಳುಗಳು. ಫುಟ್‌ಬಾಲ್ ಕಟ್ಟಡದಲ್ಲಿ ರಾತ್ರಿ ಕಸ ಗುಡಿಸಿ ನೆಲ ತೊಳೆಯುವ ಒಬ್ಬ ನೌಕರ, ಸ್ನಾನದ ಕೋಣೆಯಲ್ಲಿ ಸ್ಯಾಂಡಸ್ಕಿ ಒಬ್ಬ ಹುಡುಗನ ಮೇಲೆ ಎರಗಿದ್ದನ್ನು ಕಣ್ಣಾರೆ ಕಂಡ. ಆತ ಕೊರಿಯಾ ಯುದ್ಧ ನೋಡಿ ಬಂದವನು. ಆದರೂ ನಡುಗಿಹೋದ. ಜೊತೆಯವರಿಗೆ ಹೇಳಿದ. ಅವರೆಲ್ಲ ಸೇರಿ ಯೋಚಿಸಿದರು. ದೂರು ಕೊಟ್ಟರೆ ಕೆಲಸ ಹೋಗುತ್ತದೆ ಅನ್ನುವುದು ಅವರ ಭಯ. ಈ ಊರಿನಲ್ಲಿ ಫುಟ್‌ಬಾಲ್ ಮಾತೇ ನಡೆಯುವುದು, ಕೋಚ್ ಮನಸ್ಸು ಮಾಡಿದರೆ ನಾವು ಉಳಿಯುವುದಿಲ್ಲ ಅಂತ ಸುಮ್ಮನಾದರು.

ಮುಂದಿನ ವರ್ಷ, 2001ರಲ್ಲಿ, ತಂಡದ ಕಿರಿಯ ಸಹಾಯಕನೊಬ್ಬ ಅಂಥದ್ದೇ ಇನ್ನೊಂದು ಘಟನೆ ಕಂಡ. ಅವನು ಪಟರ್ನೋಗೆ ಹೇಳಿದ. ಪಟರ್ನೋ ಕ್ರೀಡಾ ನಿರ್ದೇಶಕರಿಗೆ ಹೇಳಿದರು. ಅಲ್ಲಿಂದ ಉಪಾಧ್ಯಕ್ಷರಿಗೆ, ಅಧ್ಯಕ್ಷರಿಗೆ ಹೋಯಿತು. ಅಲ್ಲಿಗೇ ನಿಂತಿತು. (ಪಟರ್ನೋ ತಪ್ಪಿನ ಬಗ್ಗೆ ಫ್ರೀ ವರದಿ ಹೇಳಿದ್ದನ್ನು ಅವರ ಮನೆಯವರು ಒಪ್ಪಲಿಲ್ಲ. ಆದರೆ ಮೇಲಿನ ಮೂವರು ಅಧಿಕಾರಿಗಳಿಗೆ 2017ರಲ್ಲಿ, ಮಕ್ಕಳನ್ನು ಅಪಾಯಕ್ಕೆ ದೂಡಿದ್ದಕ್ಕೆ, ನ್ಯಾಯಾಲಯದಲ್ಲೇ ಶಿಕ್ಷೆಯಾಯಿತು.)

ಆ ಕಸ ಗುಡಿಸುವವನ ಬಾಯಿ ಕಟ್ಟಿದ್ದು ಯಾರು? ಒಬ್ಬ ಕೋಚ್ ಅಂತ ಬೆರಳು ತೋರಿಸುವುದು ಕಷ್ಟ. ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುವ ಸ್ಟೇಡಿಯಂ, ಅದರ ದುಡ್ಡು, ಆ ಪ್ರತಿಮೆ, ಆ ಹೆಸರು, ಎಲ್ಲ ಸೇರಿ ಕಟ್ಟಿದವು. ಹಾಗಿದ್ದಮೇಲೆ ಒಬ್ಬಿಬ್ಬರನ್ನು ಮನೆಗೆ ಕಳಿಸಿ, ಮುಂದಿನ ಶನಿವಾರ ಎಂದಿನಂತೆ ಆಟ ಶುರು ಮಾಡಿದರೆ ಏನು ಬದಲಾಯಿತು? ತಂಡದ ಹೆಸರು ಉಳಿಸಲು ಮುಚ್ಚಿಟ್ಟರು, ತಂಡದ ಹೆಸರಿಗೆ ಏನೂ ಆಗಲಿಲ್ಲ ಅಂದರೆ, ಮುಂದಿನವರೂ ಮುಚ್ಚಿಡುತ್ತಾರೆ. ಈ ವಾದಕ್ಕೆ ತೂಕ ಇದೆ. ನನ್ನ ತಕರಾರು ಶಿಕ್ಷೆ ಕೊಡುವುದರ ಮೇಲಲ್ಲ, ಆರಿಸುವ ಶಿಕ್ಷೆಯ ಮೇಲೆ.

ಮೊದಲ ದಾರಿ: ತಂಡವನ್ನೇ ನಿಲ್ಲಿಸುವುದು

ಅಮೆರಿಕದಲ್ಲಿ ಇದಕ್ಕೆ "ಮರಣದಂಡನೆ" ಅಂತಲೇ ಕರೆಯುತ್ತಾರೆ. ಫುಟ್‌ಬಾಲ್‌ನ ದೊಡ್ಡ ತಂಡವೊಂದಕ್ಕೆ ಇದನ್ನು ಕೊಟ್ಟದ್ದು ಒಂದೇ ಸಲ. ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯಕ್ಕೆ, 1987ರ ಫೆಬ್ರವರಿ 25ರಂದು.

ತಪ್ಪು ಏನೆಂದರೆ, 13 ಆಟಗಾರರಿಗೆ ಒಟ್ಟು ಸುಮಾರು 61,000 ಡಾಲರ್ ಗುಟ್ಟಾಗಿ ಕೊಟ್ಟಿದ್ದರು. ದುಡ್ಡು ಅಭಿಮಾನಿ ದಾನಿಯೊಬ್ಬರದ್ದು. ಆ ಹೊತ್ತಿಗಾಗಲೇ ತಂಡದ ಮೇಲೆ ಹಳೇ ಶಿಕ್ಷೆಯೊಂದು ನಡೆಯುತ್ತಿತ್ತು. ಹಾಗಾಗಿ ಎರಡನೇ ಸಲ ಸಿಕ್ಕಿಬಿದ್ದವರ ನಿಯಮದ ಕೆಳಗೆ 1987ರ ಸೀಸನ್ ಪೂರ್ತಿ ರದ್ದು. 1988ರಲ್ಲಿ ಸ್ವಂತ ಊರಲ್ಲಿ ಒಂದು ಪಂದ್ಯವೂ ಇಲ್ಲ ಅಂದರು. ಕಾಲೇಜು ಆ ವರ್ಷವನ್ನೂ ತಾನೇ ಕೈಬಿಟ್ಟಿತು. ಸುದ್ದಿ ಬಂದ ಕೂಡಲೇ ಬೇರೆ ಕಾಲೇಜುಗಳ ಕೋಚ್‌ಗಳು ಕ್ಯಾಂಪಸ್ಸಿಗೆ ಬಂದು ಆಟಗಾರರನ್ನು ಕರೆಯತೊಡಗಿದರು.

1989ರಲ್ಲಿ ತಂಡ ವಾಪಸ್ ಬಂತು. ಬಹುಪಾಲು ಹೊಸ ಹುಡುಗರು. ಆ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್ ಎದುರು ಆಡಿದರು. ಸ್ಕೋರು 95–21. ಹದಿನೆಂಟು ಹತ್ತೊಂಬತ್ತರ ಹುಡುಗರು, ಯಾರೋ ಮಾಡಿದ ತಪ್ಪಿಗೆ, ಮೈದಾನದ ನಡುವೆ ನಿಂತು 95 ಪಾಯಿಂಟ್ ಹೊಡೆಸಿಕೊಂಡರು. ಆ ತಂಡ ಮತ್ತೆ ಒಂದು ಬೌಲ್ ಪಂದ್ಯ ಆಡಿದ್ದು 2009ರಲ್ಲಿ. ಇಪ್ಪತ್ತು ವರ್ಷ.

ದೊಡ್ಡವರಿಗೆ ಏನಾಯಿತು? ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಬಿಲ್ ಕ್ಲೆಮೆಂಟ್ಸ್ ಅಷ್ಟರಲ್ಲಿ ಟೆಕ್ಸಾಸ್‌ನ ರಾಜ್ಯಪಾಲರಾಗಿದ್ದರು. ಅಲ್ಲಿ ಆ ಹುದ್ದೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ದುಡ್ಡು ಕೊಡುವುದನ್ನು ಮುಂದುವರಿಸಲು ಮಂಡಳಿಯವರೇ ಒಪ್ಪಿದ್ದೆವು ಅಂತ 1987ರ ಮಾರ್ಚ್‌ನಲ್ಲಿ ಅವರು ಬಾಯಿಬಿಟ್ಟರು. ಆಮೇಲೂ 1991ರವರೆಗೆ ತಮ್ಮ ಅವಧಿ ಮುಗಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ.

ಇನ್ನೊಂದು ಮಾತು. 2025ರ ಜುಲೈನಿಂದ ಅಮೆರಿಕದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಸಂಭಾವನೆ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಒಂದು ತಂಡವನ್ನು ಕೊಂದ ಆ ತಪ್ಪು ಇವತ್ತು ಲೆಕ್ಕಪತ್ರದ ಒಂದು ಸಾಲು. ಹಿಂದಕ್ಕೆ ತೆಗೆದುಕೊಳ್ಳಲಾಗದ ಶಿಕ್ಷೆ ಕೊಡುವ ಮುಂಚೆ ಇದನ್ನು ನೆನೆಯಬೇಕು ಅಲ್ವಾ?

ನಮಗೂ ಇದರ ಒಂದು ರುಚಿ ಗೊತ್ತು. 2015ರ ಜುಲೈನಲ್ಲಿ ಲೋಧಾ ಸಮಿತಿ ಐಪಿಎಲ್‌ನ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಹೊರಗಿಟ್ಟಿತು. ಕಾರಣ, ತಂಡದ ಒಡೆತನಕ್ಕೆ ಹತ್ತಿರವಿದ್ದವರ ಬೆಟ್ಟಿಂಗ್. ಧೋನಿ ಪುಣೆಗೆ ಹೋದರು, ರೈನಾ ಗುಜರಾತ್‌ಗೆ ಹೋದರು. 2018ರಲ್ಲಿ ಚೆನ್ನೈ ವಾಪಸ್ ಬಂದು ಕಪ್ಪನ್ನೇ ಗೆದ್ದಿತು. ಹಾಗಾದರೆ ಕಾಲೇಜು ತಂಡವನ್ನೂ ಎರಡು ವರ್ಷ ನಿಲ್ಲಿಸಿದರೆ ಏನಾಯಿತು ಅಂತ ಕೇಳಬಹುದು. ವ್ಯತ್ಯಾಸ ದೊಡ್ಡದು. ಐಪಿಎಲ್ ಆಟಗಾರನಿಗೆ ಇದು ಉದ್ಯೋಗ, ಬೇರೆ ತಂಡ ಕೊಂಡುಕೊಳ್ಳುತ್ತದೆ. ಕಾಲೇಜಿನ ಹುಡುಗನಿಗೆ ತಂಡದ ಜೊತೆ ಓದು, ಹಾಸ್ಟೆಲ್, ಗೆಳೆಯರು, ಅರ್ಧಕ್ಕೆ ಬಂದ ಡಿಗ್ರಿ ಎಲ್ಲ ಅಂಟಿಕೊಂಡಿರುತ್ತವೆ.

ನಾನಂತೂ ಈ ದಾರಿಯನ್ನು ಒಂದೇ ಒಂದು ಸಂದರ್ಭಕ್ಕೆ ಮೀಸಲಿಡುತ್ತೇನೆ. ತಂಡದೊಳಗೆ ಇವತ್ತೂ ಅಪಾಯ ಇದೆ, ಆಟ ನಡೆಸಿದರೆ ಇನ್ನೊಬ್ಬರಿಗೆ ತೊಂದರೆ ಆಗುತ್ತದೆ ಅನ್ನುವಾಗ. ಆಗ ನಿಲ್ಲಿಸುವುದು ರಕ್ಷಣೆಗೆ.

ಎರಡನೇ ದಾರಿ: ದೊಡ್ಡ ಪಂದ್ಯಗಳಿಗೆ ನಿಷೇಧ, ಸ್ಕಾಲರ್‌ಶಿಪ್ ಕಡಿತ

ತುಂಬಾ ವರ್ಷ ಎಲ್ಲರೂ ಆರಿಸುತ್ತಿದ್ದ ಮಧ್ಯದ ದಾರಿ ಇದು. ತಂಡ ಆಡುತ್ತದೆ, ಆದರೆ ಡಿಸೆಂಬರ್–ಜನವರಿಯ ಬೌಲ್ ಪಂದ್ಯಗಳಿಗೆ ಹೋಗುವಂತಿಲ್ಲ. ಕೇಳಲು ಹದವಾಗಿದೆ. ಒಳಗೆ ನೋಡಿದರೆ ಬೇರೆ.

ಕಾಲೇಜು ಆಟಗಾರನಿಗೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಸೀಸನ್. ನಾಲ್ಕು ವರ್ಷದ ನಿಷೇಧ ಅಂದರೆ, ಅವನ ಇಡೀ ಕಾಲೇಜು ಆಟವೇ ಹೋಯಿತು. ಕೋಚ್‌ಗಾದರೋ ಇನ್ನೊಂದು ಕೆಲಸ ಇದ್ದೇ ಇದೆ.

ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಥೆ ಕೇಳಿ. ಅಲ್ಲಿನ ದೊಡ್ಡ ಆಟಗಾರ ರೆಜ್ಜಿ ಬುಷ್ 2004–05ರ ಹೊತ್ತಿನಲ್ಲಿ ನಿಯಮ ಮೀರಿ ಉಡುಗೊರೆ ಪಡೆದದ್ದಕ್ಕೆ, ಕಾಲೇಜು ಕಣ್ಣಿಡಲಿಲ್ಲ ಅನ್ನುವುದಕ್ಕೆ, 2010ರ ಜೂನ್‌ನಲ್ಲಿ ಶಿಕ್ಷೆ ಬಂತು. ಎರಡು ವರ್ಷ ಬೌಲ್ ಇಲ್ಲ, 30 ಸ್ಕಾಲರ್‌ಶಿಪ್ ಕಡಿತ. ಬುಷ್ ಆಗಲೇ ವೃತ್ತಿಪರ ಆಟಗಾರ. ಕೋಚ್ ಪೀಟ್ ಕ್ಯಾರೊಲ್ ಅದೇ ಜನವರಿಯಲ್ಲಿ ಸಿಯಾಟಲ್‌ನ ವೃತ್ತಿಪರ ತಂಡಕ್ಕೆ ಹೋಗಿದ್ದರು. ನಾಲ್ಕು ವರ್ಷದಲ್ಲಿ ಅಲ್ಲಿ ಸೂಪರ್ ಬೌಲ್, ಅಂದರೆ ವೃತ್ತಿಪರ ಫುಟ್‌ಬಾಲ್‌ನ ಫೈನಲ್, ಗೆದ್ದರು. ಇತ್ತ 2011ರಲ್ಲಿ ಹತ್ತು ಪಂದ್ಯ ಗೆದ್ದ ಹುಡುಗರು ಡಿಸೆಂಬರ್‌ನಲ್ಲಿ ಮನೆಯಲ್ಲಿ ಕೂತರು. ತಪ್ಪು ನಡೆದಾಗ ಅವರಲ್ಲಿ ಕೆಲವರು ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದರು.

ಓಹಾಯೊ ಸ್ಟೇಟ್‌ನದು ಇನ್ನೂ ಹೊಟ್ಟೆ ಉರಿಸುವ ಕಥೆ. ಆಟಗಾರರು ನಿಯಮ ಮುರಿದದ್ದು ಗೊತ್ತಿದ್ದೂ ಕೋಚ್ ಜಿಮ್ ಟ್ರೆಸೆಲ್ ಮುಚ್ಚಿಟ್ಟರು. 2011ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. 2012ರಲ್ಲಿ ಹೊಸ ಕೋಚ್ ಕೈಕೆಳಗೆ ತಂಡ ಆಡಿದ ಹನ್ನೆರಡಕ್ಕೆ ಹನ್ನೆರಡೂ ಗೆದ್ದಿತು. ಒಂದೂ ಸೋಲಿಲ್ಲ. ಆದರೂ ಸೀಸನ್ ಅಲ್ಲಿಗೇ ಮುಗಿಯಿತು, ಬೌಲ್‌ಗೆ ಹೋಗುವಂತಿರಲಿಲ್ಲ.

ಪೆನ್ ಸ್ಟೇಟ್‌ನಲ್ಲಿ ಇದರ ಜೊತೆ ಒಂದು ಬಾಗಿಲು ತೆರೆದಿಟ್ಟರು: ಹೋಗಬೇಕೆನ್ನುವ ಆಟಗಾರ ಬೇರೆ ಕಾಲೇಜಿಗೆ ಹೋಗಿ ತಕ್ಷಣ ಆಡಬಹುದು. ಆಗಿನ ಕಾಲಕ್ಕೆ ಅದು ದೊಡ್ಡ ರಿಯಾಯಿತಿ, ಮಾಮೂಲಿಯಾಗಿ ಒಂದು ವರ್ಷ ಕೂರಬೇಕಿತ್ತು. ಕೆಲವರು ಹೋದರು. ಬಹಳ ಜನ ಉಳಿದರು. ಹಿರಿಯ ಆಟಗಾರರು ಕ್ಯಾಮೆರಾ ಮುಂದೆ ನಿಂತು ನಾವು ಎಲ್ಲಿಗೂ ಹೋಗುವುದಿಲ್ಲ ಅಂದರು. ಆ ವರ್ಷ ಹೊಸ ಕೋಚ್ ಬಿಲ್ ಓಬ್ರಿಯನ್ ಜೊತೆ ಹನ್ನೆರಡರಲ್ಲಿ ಎಂಟು ಗೆದ್ದರು. ಈಗ ಕಾಲೇಜು ಬದಲಿಸುವುದು ತುಂಬಾ ಸಲೀಸಾಗಿದೆ. ಹಾಗಾಗಿ ನಿಷೇಧ ಹಾಕಿದರೆ ಸ್ಟಾರ್‌ಗಳು ವಾರದಲ್ಲಿ ಜಾಗ ಖಾಲಿ ಮಾಡುತ್ತಾರೆ. ಉಳಿಯುವುದು ಬೇರೆ ಕರೆ ಬಾರದ ಹುಡುಗರು, ಮತ್ತು ಓದಿಗಾಗಿಯೇ ಅಲ್ಲಿರುವವರು. ಪೆಟ್ಟು ಅವರಿಗೆ.

ಸ್ಟೇಡಿಯಂ ಸುತ್ತ ಬದುಕುವವರನ್ನೂ ಮರೆಯಬಾರದು. ಪೆನ್ ಸ್ಟೇಟ್ ಇರುವ ಊರು ಚಿಕ್ಕದು. ಆಟವಿರುವ ಏಳೆಂಟು ಶನಿವಾರಗಳ ಮೇಲೆ ಅಲ್ಲಿನ ಹೋಟೆಲ್, ಅಂಗಡಿ, ಪಾರ್ಕಿಂಗ್‌ನವರ ವರ್ಷದ ಸಂಪಾದನೆ ನಿಂತಿದೆ. ತಂಡ ಬಡವಾದರೆ ಅವರ ಗಲ್ಲಾಪೆಟ್ಟಿಗೆಯೂ ಬಡವಾಗುತ್ತದೆ.

ಕೊನೆಗೆ ಏನಾಯಿತು ಗೊತ್ತಾ? 2013ರಿಂದ ಸ್ಕಾಲರ್‌ಶಿಪ್‌ಗಳನ್ನು ಮರಳಿ ಕೊಡತೊಡಗಿದರು. 2014ರ ಸೆಪ್ಟೆಂಬರ್‌ನಲ್ಲಿ ಬೌಲ್ ನಿಷೇಧ ಎತ್ತಿದರು. ಎನ್‌ಸಿಎಎ ಆತುರದಲ್ಲಿ ಕೊಟ್ಟ ಶಿಕ್ಷೆ ಅದು. ತನ್ನ ಮಾಮೂಲಿ ತನಿಖೆಯನ್ನೇ ನಡೆಸದೆ ಫ್ರೀ ವರದಿ ಹಿಡಿದು ಕೊಟ್ಟಿತ್ತು. ಅರ್ಧ ದಾರಿಯಲ್ಲಿ ವಾಪಸ್ ತೆಗೆದುಕೊಂಡಿತು. ಆದರೆ 2012, 2013ರಲ್ಲಿ ಡಿಗ್ರಿ ಮುಗಿಸಿ ಹೋದ ಹುಡುಗರಿಗೆ ಯಾರು ಏನನ್ನು ವಾಪಸ್ ಕೊಟ್ಟರು?

ಮೂರನೇ ದಾರಿ: ಗೆದ್ದದ್ದನ್ನು ಅಳಿಸುವುದು

ಇದರ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಲೂಯಿವಿಲ್ ಕಾಲೇಜಿನ 2013ರ ಬಾಸ್ಕೆಟ್‌ಬಾಲ್ ಚಾಂಪಿಯನ್ ಪಟ್ಟವನ್ನು 2018ರಲ್ಲಿ ಕಿತ್ತುಕೊಂಡರು. ಪೆನ್ ಸ್ಟೇಟ್‌ನ 112 ಗೆಲುವುಗಳನ್ನು ಅಳಿಸಿ, 2015ರ ಜನವರಿಯ ರಾಜಿಯಲ್ಲಿ ಮತ್ತೆ ಬರೆದರು. ಪಂದ್ಯ ನೋಡಿದವರ ಕಣ್ಣಿಂದ ಅದನ್ನು ಅಳಿಸಲಾಗುವುದಿಲ್ಲ. ಮೋಸದಿಂದ ಗೆದ್ದಿದ್ದರೆ ಪಟ್ಟ ಕಿತ್ತುಕೊಳ್ಳುವುದು ಸರಿ. ಆದರೆ ಮಕ್ಕಳ ಮೇಲೆ ದೌರ್ಜನ್ಯ ಮುಚ್ಚಿಟ್ಟದ್ದಕ್ಕೆ ಗೆಲುವಿನ ಪಟ್ಟಿ ತಿದ್ದುವುದು ಅಂದರೆ, ಮಾತು ಮತ್ತೆ ಫುಟ್‌ಬಾಲ್ ಕಡೆಗೇ ತಿರುಗುತ್ತದೆ. ಮೂರು ವರ್ಷ ಅಲ್ಲಿನ ಜನ 409 ಗೆಲುವಾ, 298 ಗೆಲುವಾ ಅಂತ ಪಟರ್ನೋ ಲೆಕ್ಕದ ಬಗ್ಗೆ ಜಗಳವಾಡಿದರು. ದೌರ್ಜನ್ಯಕ್ಕೆ ಒಳಗಾದ ಆ ಹುಡುಗರ ಬಗ್ಗೆ ಅಷ್ಟು ಮಾತಾಡಲಿಲ್ಲ.

ನಾಲ್ಕನೇ ದಾರಿ: ದುಡ್ಡು

ನನ್ನ ಮನಸ್ಸು ಒಲಿಯುವುದು ಇದರ ಕಡೆಗೆ. ಕಾರಣ ಸರಳ. ಬಾಯಿ ಮುಚ್ಚಿಸಿದ್ದು ದುಡ್ಡು ಮತ್ತು ಹೆಸರು. ಹಾಗಾದರೆ ಅಲ್ಲಿಗೇ ಕೈ ಹಾಕಬೇಕು.

ಪೆನ್ ಸ್ಟೇಟ್‌ನ 6 ಕೋಟಿ ಡಾಲರ್ ಅಂದರೆ ಸುಮಾರು ಆ ಫುಟ್‌ಬಾಲ್ ತಂಡದ ಒಂದು ವರ್ಷದ ವರಮಾನ. ವರ್ಷಕ್ಕೆ 1 ಕೋಟಿ 20 ಲಕ್ಷದಂತೆ ಐದು ವರ್ಷದಲ್ಲಿ ಕಟ್ಟಬೇಕು ಅಂದರು. ಅದರಲ್ಲಿ ಎರಡು ಒಳ್ಳೆಯ ಷರತ್ತು ಇದ್ದವು. ಒಂದು, ಈ ದಂಡ ಕಟ್ಟಲು ಬೇರೆ ಯಾವ ಕ್ರೀಡೆಯ ತಂಡವನ್ನೂ ಮುಚ್ಚುವಂತಿಲ್ಲ. ಎರಡು, ದುಡ್ಡು ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೆಲಸಕ್ಕೇ ಹೋಗಬೇಕು. ಕೋರ್ಟಿನಲ್ಲಿ ಎಳೆದಾಡಿದ ಮೇಲೆ, 3 ಕೋಟಿ ರಾಜ್ಯದ ನಿಧಿಗೆ, 3 ಕೋಟಿ ವಿಶ್ವವಿದ್ಯಾಲಯದ ಮಕ್ಕಳ ರಕ್ಷಣೆಯ ಕೆಲಸಕ್ಕೆ ಅಂತ ಹಂಚಿಕೆಯಾಯಿತು. ಆ ಇಡೀ ಶಿಕ್ಷೆಯಲ್ಲಿ ಇವತ್ತಿಗೂ ಸರಿ ಅನ್ನಿಸುವ ಭಾಗ ಇದೊಂದೇ.

ಷರತ್ತು ಇಲ್ಲದ ದಂಡ ಬೇರೆ ರೀತಿ ಹರಿಯುತ್ತದೆ. ಫುಟ್‌ಬಾಲ್ ತಂಡದ ದಂಡವನ್ನು ಈಜು, ಕುಸ್ತಿ, ಓಟದ ತಂಡಗಳ ಬಜೆಟ್‌ನಿಂದ ಕತ್ತರಿಸಬಹುದು. ಆಗ ಮತ್ತೆ ಅದೇ ಕಥೆ, ಬರೆ ಬೀಳುವುದು ಇನ್ನೊಬ್ಬರಿಗೆ.

2022ರ ಜನವರಿಯಲ್ಲಿ ಎನ್‌ಸಿಎಎ ತನ್ನ ಮೂಲ ನಿಯಮಗಳನ್ನೇ ಹೊಸದಾಗಿ ಬರೆಯಿತು. ತಪ್ಪಿನಲ್ಲಿ ಇಲ್ಲದವರಿಗೆ ಆದಷ್ಟು ಪೆಟ್ಟಾಗಬಾರದು ಅನ್ನುವ ಮಾತು ಅದರಲ್ಲಿ ಸೇರಿತು. ಅದರ ಮೊದಲ ದೊಡ್ಡ ಪರೀಕ್ಷೆ ಟೆನೆಸ್ಸಿ. ಅಲ್ಲಿ ಕೋಚ್ ಜೆರೆಮಿ ಪ್ರುಯಿಟ್ ಕಾಲದಲ್ಲಿ 200ಕ್ಕೂ ಜಾಸ್ತಿ ನಿಯಮಭಂಗ ನಡೆದಿತ್ತು. 2023ರ ಜುಲೈನಲ್ಲಿ ತೀರ್ಪು ಬಂತು. 80 ಲಕ್ಷ ಡಾಲರ್ ಮೀರಿದ ದಂಡ, ಸ್ಕಾಲರ್‌ಶಿಪ್ ಕಡಿತ, ಆದರೆ ಬೌಲ್ ನಿಷೇಧ ಇಲ್ಲ. ಎರಡು ವರ್ಷ ಬೌಲ್ ತಪ್ಪಿದ್ದರೆ ಎಷ್ಟು ದುಡ್ಡು ನಷ್ಟವಾಗುತ್ತಿತ್ತೋ ಅಷ್ಟನ್ನು ಲೆಕ್ಕ ಹಾಕಿ ವಸೂಲಿ ಮಾಡಿದರು. ನನಗೆ ಈ ಲೆಕ್ಕ ಇಷ್ಟವಾಯಿತು.

ಎದುರಾಳಿಗಳ ಸನ್ನೆಗಳನ್ನು ಕದ್ದು ಓದಿದ ಮಿಷಿಗನ್ ತಂಡಕ್ಕೂ 2025ರ ಆಗಸ್ಟ್‌ನಲ್ಲಿ ಹೀಗೇ ಮಾಡಿದರು. ಫುಟ್‌ಬಾಲ್ ಬಜೆಟ್ಟಿನ ಶೇ. 10, ಜೊತೆಗೆ ಎರಡು ಸೀಸನ್‌ಗಳ ದೊಡ್ಡ ಪಂದ್ಯಗಳ ವರಮಾನ. ಒಟ್ಟು 2 ಕೋಟಿ ಡಾಲರ್ ದಾಟುತ್ತದೆ ಅಂತ ಅಂದಾಜು. ಇದಕ್ಕೆ ತಕರಾರು ಎತ್ತಿದವರೂ ಇದ್ದಾರೆ. ಶ್ರೀಮಂತ ಕಾಲೇಜಿಗೆ ಇದು ಟಿಕೆಟ್ ಖರ್ಚಿನಂತೆ, ಮೋಸ ಮಾಡಿ ಗೆದ್ದು ಆಮೇಲೆ ಬಿಲ್ ಕಟ್ಟಬಹುದು ಅನ್ನುತ್ತಾರೆ. ಮಾತು ಸುಳ್ಳಲ್ಲ. ಅದಕ್ಕೇ ದಂಡ ಒಂದು ನಿಗದಿ ಮೊತ್ತ ಆಗಬಾರದು, ವರಮಾನದ ಪಾಲಾಗಬೇಕು. ಬಡ ಕಾಲೇಜಿಗೂ ಶ್ರೀಮಂತ ಕಾಲೇಜಿಗೂ ಒಂದೇ ತೂಕದ ನೋವು ಆಗಬೇಕು.

ಐದನೇ ದಾರಿ: ಆ ವ್ಯಕ್ತಿಯನ್ನೇ ಹಿಡಿಯುವುದು

ಮಾಡಿದ್ದುಣ್ಣೋ ಮಹರಾಯ ಅನ್ನುವ ದಾರಿ. ಎನ್‌ಸಿಎಎ ಕೈಯಲ್ಲಿ ಇದಕ್ಕೊಂದು ಆಯುಧ ಇದೆ. ನಮ್ಮ ಸರ್ಕಾರಿ ಕಚೇರಿಗಳ "ಕಾರಣ ಕೇಳಿ ನೋಟಿಸ್" ಗೊತ್ತಲ್ವಾ, ಹೆಸರು ಹೆಚ್ಚುಕಮ್ಮಿ ಅದೇ. ಆದರೆ ಬಿಸಿ ತಟ್ಟುವುದು ಕೆಲಸ ಕೊಡುವವರಿಗೆ. ಶಿಕ್ಷೆಗೆ ಒಳಗಾದ ಕೋಚನ್ನು ಇಷ್ಟು ವರ್ಷದೊಳಗೆ ಯಾವ ಕಾಲೇಜು ಸೇರಿಸಿಕೊಂಡರೂ, ನಮಗೆ ಯಾಕೆ ಶಿಕ್ಷೆ ಕೊಡಬಾರದು ಅಂತ ಆ ಕಾಲೇಜೇ ಕಾರಣ ತೋರಿಸಬೇಕು. ಯಾರೂ ಆ ತಲೆನೋವು ತಗೊಳ್ಳುವುದಿಲ್ಲ. ಪ್ರುಯಿಟ್‌ಗೆ ಆರು ವರ್ಷ ಸಿಕ್ಕಿತು. ಮಿಷಿಗನ್‌ನ ಜಿಮ್ ಹಾರ್ಬಾಗೆ ಹತ್ತು ವರ್ಷ, ಅದೂ ಹಳೇ ಶಿಕ್ಷೆ ಮುಗಿದ ಮೇಲೆ, 2028ರಿಂದ.

ಕೊರತೆ ಎಲ್ಲಿದೆ ಅಂದರೆ, ಈ ಆದೇಶ ಕಾಲೇಜು ಕ್ರೀಡೆಯ ಗೇಟಿನವರೆಗೆ ಮಾತ್ರ. ಹಾರ್ಬಾ ಈಗ ವೃತ್ತಿಪರ ತಂಡದ ಕೋಚ್, ಅವರಿಗೆ ಇದು ತಟ್ಟುವುದೇ ಇಲ್ಲ. ಓಹಾಯೊ ಸ್ಟೇಟ್‌ನ ಟ್ರೆಸೆಲ್‌ಗೆ ಐದು ವರ್ಷದ ಆದೇಶ ಇತ್ತು. ಅದು ಮುಗಿಯುವ ಮೊದಲೇ, 2014ರಲ್ಲಿ, ಅವರು ಅದೇ ರಾಜ್ಯದ ಯಂಗ್ಸ್‌ಟೌನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರಾದರು.

ಇದಕ್ಕೆ ಮದ್ದು ಕೋಚ್‌ಗಳ ಒಪ್ಪಂದದಲ್ಲೇ ಇರಬೇಕು. ಲಕ್ಷಾಂತರ ಡಾಲರ್ ಸಂಬಳ, ಬೋನಸ್ ಕೊಡುವಾಗಲೇ ಬರೆದುಕೊಳ್ಳಬೇಕು: ಮುಚ್ಚಿಟ್ಟದ್ದು ಸಾಬೀತಾದರೆ ಆ ವರ್ಷಗಳ ಬೋನಸ್ ವಾಪಸ್, ಎಲ್ಲಿಗೆ ಹೋಗಿದ್ದರೂ ಸರಿ. ಸೂಪರ್ ಬೌಲ್ ಗೆದ್ದ ಕೋಚ್ ಆದರೂ ಸರಿ.

ಆರನೇ ದಾರಿ: ಆಟದ ಸಂಸ್ಥೆಯಿಂದ ಬಿಡಿಸಿ ಕೋರ್ಟಿಗೆ ಕೊಡುವುದು

ಕೊನೆಗೆ ಇಟ್ಟೆ, ಆದರೆ ನಿಜವಾದ ನ್ಯಾಯ ಎಲ್ಲಾದರೂ ಸಿಕ್ಕಿದ್ದರೆ ಅದು ಇಲ್ಲೇ.

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ನಾಸರ್ ಎಂಬ ವೈದ್ಯ ಚಿಕಿತ್ಸೆಯ ಹೆಸರಿನಲ್ಲಿ ನೂರಾರು ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಎಸಗಿದ. ಅವರಲ್ಲಿ ಜಿಮ್ನಾಸ್ಟ್‌ಗಳೇ ಜಾಸ್ತಿ. 2018ರ ಜನವರಿಯಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕೋರ್ಟಿನಲ್ಲಿ ಎದ್ದು ನಿಂತು, ಅವನ ಮುಖ ನೋಡಿಕೊಂಡು ಮಾತಾಡಿದರು. ಏಳು ದಿನ. ಜನವರಿ 24ರಂದು ಅವನಿಗೆ 40ರಿಂದ 175 ವರ್ಷ ಶಿಕ್ಷೆಯಾಯಿತು. ಅದೇ ದಿನ ವಿಶ್ವವಿದ್ಯಾಲಯದ ಅಧ್ಯಕ್ಷೆ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ನೊಂದವರಿಗೆ 50 ಕೋಟಿ ಡಾಲರ್ ಕೊಡಲು ಒಪ್ಪಿತು. 2019ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಇನ್ನೂ 45 ಲಕ್ಷ ದಂಡ ಹಾಕಿತು.

ಎನ್‌ಸಿಎಎ? ನಮ್ಮ ನಿಯಮ ಯಾವುದೂ ಮುರಿದಿಲ್ಲ ಅಂತ 2018ರ ಆಗಸ್ಟ್‌ನಲ್ಲಿ ಕಡತ ಮುಚ್ಚಿತು. ಅದನ್ನು ಕೇಳಿದಾಗ ಕೋಪ ಬರುತ್ತದೆ. ಆದರೆ ಒಂದು ಕ್ಷಣ ಯೋಚಿಸಿ. ತಂಡಕ್ಕೆ ಶಿಕ್ಷೆ ಕೊಡುತ್ತೇವೆ ಅಂತ ಅಲ್ಲಿನ ಜಿಮ್ನಾಸ್ಟಿಕ್ಸ್ ತಂಡವನ್ನು ನಿಷೇಧಿಸಿದ್ದರೆ ಶಿಕ್ಷೆ ಯಾರಿಗೆ ಆಗುತ್ತಿತ್ತು? ನೊಂದ ಹುಡುಗಿಯರು ಸೇರಿದ್ದ ಲೋಕಕ್ಕೇ. ತಂಡಕ್ಕೆ ಶಿಕ್ಷೆ ಅನ್ನುವ ಮಾತು ಎಷ್ಟು ಕುರುಡಾಗಬಹುದು ಅನ್ನುವುದು ನನಗೆ ಹೊಳೆದದ್ದು ಈ ಪ್ರಕರಣದಲ್ಲಿ.

ಟೆಕ್ಸಾಸ್‌ನ ಬೇಲರ್ ಇದಕ್ಕೆ ಜೊತೆಯಾಗಿ ನೋಡಬೇಕಾದ ಕಥೆ. ಲೈಂಗಿಕ ದೌರ್ಜನ್ಯದ ದೂರುಗಳನ್ನು ಕಾಲೇಜು ಮತ್ತು ಫುಟ್‌ಬಾಲ್ ತಂಡದ ಮುಖ್ಯಸ್ಥರು ಸರಿಯಾಗಿ ನೋಡಲಿಲ್ಲ ಅಂತ 2016ರಲ್ಲಿ ಹೊರಬಿತ್ತು. ಕೋಚ್ ಮತ್ತು ಅಧ್ಯಕ್ಷರನ್ನು ಕೆಳಗಿಳಿಸಿದರು. ಎನ್‌ಸಿಎಎ 2021ರಲ್ಲಿ ತೀರ್ಪು ಕೊಟ್ಟಿತು. ನಡೆದದ್ದು ಘೋರ, ಆದರೆ ನಮ್ಮ ನಿಯಮದಲ್ಲಿ ಇದಕ್ಕೆ ಜಾಗ ಇಲ್ಲ ಅಂದಿತು. ನಾಲ್ಕು ವರ್ಷ ನಿಗಾ, ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ ಒಂದಿಷ್ಟು ಮಿತಿ, 5,000 ಡಾಲರ್ ದಂಡ. ಆಟಗಾರರಿಗೆ 61,000 ಡಾಲರ್ ಕೊಟ್ಟ ಕಾಲೇಜಿನ ತಂಡ ಎರಡು ವರ್ಷ ಮುಚ್ಚಿತು. ಹೆಣ್ಣುಮಕ್ಕಳ ದೂರು ಕೇಳದ ಕಾಲೇಜು 5,000 ಕಟ್ಟಿತು. ಇವೆರಡನ್ನೂ ಅಕ್ಕಪಕ್ಕ ಇಟ್ಟರೆ, ಆಟದ ಸಂಸ್ಥೆ ಆಟದ ಮೋಸ ನೋಡಿಕೊಳ್ಳಲಿ, ಅಪರಾಧವನ್ನು ಪೊಲೀಸರು ಮತ್ತು ಕೋರ್ಟು ನೋಡಲಿ ಅನ್ನದೆ ಬೇರೆ ದಾರಿ ಕಾಣುವುದಿಲ್ಲ.

ನಾನು ಆ ಸಮಿತಿಯಲ್ಲಿದ್ದರೆ

ಮೊದಲು ಕೇಳುವ ಪ್ರಶ್ನೆ: ತಪ್ಪಿನಿಂದ ಆಟದಲ್ಲಿ ಲಾಭ ಆಯಿತಾ? ಆಗಿದ್ದರೆ, ಟೆನೆಸ್ಸಿ ಮಾದರಿ. ವರಮಾನದ ಪಾಲಿನಲ್ಲಿ ದಂಡ, ಕೋಚ್‌ಗೆ ವರ್ಷಗಟ್ಟಲೆ ಬಾಗಿಲು ಬಂದ್, ಬೋನಸ್ ವಾಪಸ್. ಮೋಸ ಮಾಡಿದ ಆಟಗಾರರೇ ಇನ್ನೂ ತಂಡದಲ್ಲಿದ್ದರೆ, ಮತ್ತು ಆಗ ಮಾತ್ರ, ದೊಡ್ಡ ಪಂದ್ಯಗಳಿಗೆ ನಿಷೇಧ. ತಪ್ಪು ಹೊರಬಂದು ಮೂರು ನಾಲ್ಕು ವರ್ಷ ಕಳೆದು ಪೂರ್ತಿ ಹೊಸ ಹುಡುಗರು ಬಂದಿದ್ದರೆ, ನಿಷೇಧದ ಮಾತೇ ಬೇಡ.

ಯಾರದೋ ಮೈಮೇಲೆ ದೌರ್ಜನ್ಯ ನಡೆದು, ತಂಡದ ಹೆಸರಿಗಾಗಿ ಅದನ್ನು ಮುಚ್ಚಿಟ್ಟಿದ್ದರೆ ಲೆಕ್ಕ ಬೇರೆ. ಅಲ್ಲಿ ನೊಂದವರನ್ನು ಮೊದಲು ಕೂರಿಸಿ ಕೇಳಬೇಕು, ನಿಮಗೆ ಏನು ಬೇಕು ಅಂತ. ಮುಚ್ಚಿಟ್ಟವರು ಕಟಕಟೆಗೆ ಹೋಗಬೇಕು, ಅಧ್ಯಕ್ಷರಾದರೂ ಸರಿ. ದುಡ್ಡು ದೊಡ್ಡದಾಗಿಯೇ ಹೋಗಬೇಕು, ಪೆನ್ ಸ್ಟೇಟ್‌ನ ಆ ಎರಡು ಷರತ್ತುಗಳ ಜೊತೆ. ಬೋರ್ಡಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡವರು ಕುರ್ಚಿ ಬಿಡಬೇಕು. ಕ್ರೀಡಾ ವಿಭಾಗ ತನ್ನ ದೂರನ್ನು ತಾನೇ ವಿಚಾರಿಸುವ ಅಧಿಕಾರ ಹೋಗಬೇಕು. ಹುಡುಗರು ಶನಿವಾರ ಆಡಲಿ.

ಮತ್ತೆ ಆ ಕಸ ಗುಡಿಸುವವನ ಕಡೆಗೆ ಬರುತ್ತೇನೆ. ನಾನು ಬರೆಯುವ ಆದೇಶದ ಮೊದಲ ಸಾಲು ಅವನಿಗಾಗಿ ಇರುತ್ತದೆ. ಒಂದು ಫೋನ್ ನಂಬರು. ಲಾಕರ್ ರೂಮಿನ ಗೋಡೆಯ ಮೇಲೆ, ಸ್ನಾನದ ಕೋಣೆಯ ಹೊರಗೆ, ಪೊರಕೆ ಬಕೆಟ್ಟು ಇಡುವ ಕೋಣೆಯ ಬಾಗಿಲ ಮೇಲೆ ಅಂಟಿಸಿರಬೇಕು. ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದರೂ ಎತ್ತಬೇಕು. ಆ ಕರೆ ಕೋಚ್ ಕೋಣೆಗಾಗಲಿ ಕ್ರೀಡಾ ನಿರ್ದೇಶಕರ ಟೇಬಲ್ಲಿಗಾಗಲಿ ಹೋಗಬಾರದು. ಕ್ಯಾಂಪಸ್ ಹೊರಗಿನ ಪೊಲೀಸರಿಗೆ ಹೋಗಬೇಕು. ಕರೆ ಮಾಡಿದವನ ಕೆಲಸ ಮಾರನೇ ದಿನವೂ ಇರುತ್ತದೆ ಅಂತ, ವಿಶ್ವವಿದ್ಯಾಲಯದ ಅಧ್ಯಕ್ಷರ ಸಹಿಯೊಂದಿಗೆ, ಆ ನಂಬರಿನ ಕೆಳಗೇ ಬರೆದಿರಬೇಕು.